ಮನೆ ಕಂಪ್ಯೂಟರಿಗೆ ಎಷ್ಟು ರ‍್ಯಾಮ್: 8 ಸಾಕೇ, 16 ಬೇಕೇ, 32 ಯಾರಿಗೆ?

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ರ‍್ಯಾಮ್ (ತೆರೆದಿರುವ ಕೆಲಸವನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ) ಬಗ್ಗೆ ಎರಡು ಥರದ ಸಲಹೆ ಸಿಗುತ್ತದೆ. ‘ಮನೆ ಬಳಕೆಗೆ ತಾನೇ ಸರ್, 8 ಜಿಬಿ ಧಾರಾಳ’ ಅನ್ನುವುದು ಒಂದು. ‘ಈಗೆಲ್ಲಾ 16 ಇಲ್ದೆ ಆಗಲ್ಲ, 32 ತಗೊಂಡ್ಬಿಡಿ, ನಿಶ್ಚಿಂತೆ’ ಅನ್ನುವುದು ಇನ್ನೊಂದು. ನಿಮಗೆ ಯಾವುದು ಸಿಗುತ್ತದೆ ಅನ್ನುವುದು ಬಹುಪಾಲು ಆ ದಿನ ಸ್ಟಾಕಿನಲ್ಲಿ ಯಾವ ಮಾಡೆಲ್ ಉಳಿದಿದೆ ಅನ್ನುವುದನ್ನು ಅವಲಂಬಿಸಿರುತ್ತದೆ.

2025ರ ಮಧ್ಯದವರೆಗೂ ಇದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ರ‍್ಯಾಮ್ ಅಗ್ಗವಿತ್ತು, ಒಂದು ಕೈ ಜಾಸ್ತಿಯೇ ಇರಲಿ ಅಂತ ಹಾಕಿಸಿಕೊಂಡರೆ ಜೇಬಿಗೆ ದೊಡ್ಡ ಹೊಡೆತ ಬೀಳುತ್ತಿರಲಿಲ್ಲ. ಆ ವರ್ಷದ ಕೊನೆಗೆ ಲೆಕ್ಕ ಬದಲಾಯಿತು. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರುಗಳಿಂದ ಬೇಡಿಕೆ ಉಕ್ಕಿದ್ದರಿಂದ ಅವು ತಮ್ಮ ಉತ್ಪಾದನೆಯನ್ನು ಆ ಕಡೆಗೆ ತಿರುಗಿಸಿದವು, ನಮ್ಮ ನಿಮ್ಮಂಥವರು ಕೊಳ್ಳುವ ರ‍್ಯಾಮ್ ಸ್ಟಿಕ್‌ಗಳ ಬೆಲೆ ಮೇಲೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ‘ಕ್ರೂಶಿಯಲ್’ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾಗಿ ಎಷ್ಟು ಬೇಕೋ ಅಷ್ಟೇ ಕೊಳ್ಳುವುದು ಈಗ ಜಿಪುಣತನ ಅನ್ನಿಸಿಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಬೋರ್ಡಿಗೇ ಸೋಲ್ಡರ್ ಆಗಿದ್ದರೆ (ಬಿಚ್ಚಲಾಗದಂತೆ ಬೆಸೆದಿದ್ದರೆ) 16ಕ್ಕಿಂತ ಕಡಿಮೆ ಬೇಡ. ಮುಂದೆ ಸೇರಿಸಲು ಸ್ಲಾಟ್ (ಸ್ಟಿಕ್ ಕೂರಿಸುವ ಜಾಗ) ಖಾಲಿ ಇದ್ದು, ಕೆಲಸವೂ ಹಗುರಾಗಿದ್ದರೆ 8ರಲ್ಲಿ ಶುರು ಮಾಡಿ, ತಪ್ಪಿಲ್ಲ. ಅಂದರೆ ನನ್ನ ಮಟ್ಟಿಗೆ ‘ಎಷ್ಟು ಜಿಬಿ’ ಅನ್ನುವ ಪ್ರಶ್ನೆಗಿಂತ ‘ಆಮೇಲೆ ಹಾಕಿಸಬಹುದೇ’ ಅನ್ನುವ ಪ್ರಶ್ನೆ ದೊಡ್ಡದು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಇರುವ ಕಂಪ್ಯೂಟರ್ ಏನು ಹೇಳುತ್ತದೆ ನೋಡಿ

ಮನೆಯಲ್ಲಿ ಈಗಾಗಲೇ ಒಂದು ವಿಂಡೋಸ್ ಕಂಪ್ಯೂಟರ್ ಇದ್ದರೆ ಊಹೆ ಮಾಡುತ್ತಾ ಕೂರಬೇಕಿಲ್ಲ. ಅದರ ಮೇಲೆ ಕೆಲಸದ ಹೊರೆ ಹೆಚ್ಚಿರುವ ಹೊತ್ತನ್ನು ಹಿಡಿಯಿರಿ. ಮಗಳ ಆನ್‌ಲೈನ್ ಕ್ಲಾಸ್ ನಡೆಯುತ್ತಿದೆ, ಕ್ರೋಮಿನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದಿವೆ, ವಾಟ್ಸ್ಆ್ಯಪ್ ಓಡುತ್ತಿದೆ, ಹಿಂದೆ ಒಂದು ಎಕ್ಸೆಲ್ ಶೀಟೂ ಇದೆ ಅನ್ನಿ. ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ.

8 ಜಿಬಿಯ ಲ್ಯಾಪ್‌ಟಾಪಿನಲ್ಲಿ ‘6.9/7.7 ಜಿಬಿ’ ಎಂಬಂಥ ಅಂಕಿ ಕಾಣಬಹುದು. ಕಾಸು ಕೊಟ್ಟದ್ದು ಎಂಟಕ್ಕೆ, ತೋರಿಸುತ್ತಿರುವುದು 7.7. ಮೋಸವೇನಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಪಾಲನ್ನು ರ‍್ಯಾಮಿನಿಂದಲೇ ಎತ್ತಿಟ್ಟುಕೊಳ್ಳುತ್ತದೆ. ಕೆಳಗೆ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಸಾಲಿನಲ್ಲಿ ಬಹುತೇಕ ಇದೇ ಇರುತ್ತದೆ. ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಈ ಪಾಲು 2 ಜಿಬಿವರೆಗೂ ಹೋಗುವುದುಂಟು. ಅಂಥ 8 ಜಿಬಿ ಯಂತ್ರದಲ್ಲಿ ನಿಮ್ಮ ಕೆಲಸಕ್ಕೆ ಉಳಿಯುವುದು ಆರಕ್ಕಿಂತ ಸ್ವಲ್ಪ ಕಡಿಮೆಯೇ.

ಆ ಶೇಕಡಾವಾರು ನೋಡಿ ಗಾಬರಿ ಬೀಳುವವರು ಬಹಳ. 70, 80 ಅಂತ ಇದ್ದ ಮಾತ್ರಕ್ಕೆ ಏನೂ ಆಗಿಲ್ಲ. ಜಾಗ ಇದ್ದಾಗ ವಿಂಡೋಸೂ ಬ್ರೌಸರುಗಳೂ ಕೈಬಿಚ್ಚಿ ಬಳಸುತ್ತವೆ. 8 ಜಿಬಿಯಲ್ಲಿ ಆರರೊಳಗೆ ಮುಗಿಯುವ ಕೆಲಸ 16ರ ಯಂತ್ರದಲ್ಲಿ ಎಂಟನ್ನು ಬಳಸುವುದು ಮಾಮೂಲು. ಮಿಕ್ಕಿದ್ದನ್ನೂ ವಿಂಡೋಸ್ ಖಾಲಿ ಬಿಡುವುದಿಲ್ಲ. ಇತ್ತೀಚೆಗೆ ಬಳಸಿದ ಫೈಲುಗಳನ್ನು ಅಲ್ಲಿ ಇಟ್ಟುಕೊಂಡಿರುತ್ತದೆ, ಬೇರೆ ಯಾವುದಕ್ಕಾದರೂ ಜಾಗ ಬೇಕಾದಾಗ ತಕ್ಷಣ ತೆರವು ಮಾಡುತ್ತದೆ. ‘ಕ್ಯಾಶ್ಡ್’ ಎಂಬ ಸಾಲು ಅದರದ್ದು. ರ‍್ಯಾಮ್ ‘ಕ್ಲೀನ್’ ಮಾಡಿಕೊಡುತ್ತೇವೆ ಅನ್ನುವ ಪುಕ್ಕಟೆ ತಂತ್ರಾಂಶಗಳು ಉಪಯುಕ್ತವಾದ ಈ ಸಂಗ್ರಹವನ್ನೇ ಗುಡಿಸಿ ಹಾಕಿ, ನೋಡಿ ಎಷ್ಟು ಖಾಲಿ ಮಾಡಿದೆವು ಅಂತ ತೋರಿಸುತ್ತವೆ. ಹಾಕಿಕೊಳ್ಳಬೇಡಿ.

ಕಣ್ಣಿಡಬೇಕಾದದ್ದು ‘ಕಮಿಟೆಡ್’ ಎಂಬ ಸಾಲಿನ ಮೇಲೆ. ಅಲ್ಲಿ ‘11.8/13.2’ ಎಂಬಂತೆ ಎರಡು ಅಂಕಿ ಇರುತ್ತವೆ. ಮೊದಲನೆಯದು ತೆರೆದಿರುವ ತಂತ್ರಾಂಶಗಳೆಲ್ಲ ಸೇರಿ ತಮಗೆ ಬೇಕೆಂದು ಹೇಳಿಟ್ಟುಕೊಂಡ ಮೆಮೊರಿ. ಎರಡನೆಯದು ರ‍್ಯಾಮಿನ ಜೊತೆಗೆ ಡಿಸ್ಕಿನಲ್ಲಿ ವಿಂಡೋಸ್ ಮಾಡಿಟ್ಟುಕೊಂಡ ಪೇಜ್ ಫೈಲನ್ನೂ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಕೂಡಿಸಿದ ಮಿತಿ. ಮೊದಲನೆಯ ಅಂಕಿ ನಿಮ್ಮ ರ‍್ಯಾಮಿಗಿಂತ ಕೊಂಚ ಮೇಲಿದ್ದರೂ ನಡೆಯುತ್ತದೆ, ಹೇಳಿಟ್ಟುಕೊಂಡದ್ದನ್ನೆಲ್ಲ ತಂತ್ರಾಂಶಗಳು ಬಳಸುವುದಿಲ್ಲ. ಅದು ಸದಾ ಬಹಳ ಮೇಲಿದ್ದು, ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಡಿಸ್ಕ್ ಬಳಕೆ ದಿಢೀರನೆ ಏರಿ ಯಂತ್ರ ತಡವರಿಸುತ್ತಿದ್ದರೆ ಮಾತ್ರ ರ‍್ಯಾಮ್ ಸಾಲುತ್ತಿಲ್ಲ ಎಂದು ತಿಳಿಯಬೇಕು.

ಹೀಗೆ ತಡವರಿಸದ ಯಂತ್ರಕ್ಕೆ ರ‍್ಯಾಮ್ ಸೇರಿಸಿದರೆ ವೇಗ ಹೆಚ್ಚುವುದಿಲ್ಲ. ಮದುವೆ ಮನೆಯಲ್ಲಿ ಎಲೆ ಸಾಲದಿದ್ದರೆ ಎರಡನೇ ಪಂಕ್ತಿಗೆ ಕಾಯಬೇಕು ನಿಜ. ಆದರೆ ಎಲ್ಲರಿಗೂ ಎಲೆ ಸಿಕ್ಕ ಮೇಲೆ ಪಕ್ಕದಲ್ಲಿ ಇನ್ನೈವತ್ತು ಎಲೆ ಹಾಸಿದರೆ ಬಡಿಸುವವರ ಕೈ ಚುರುಕಾದೀತೇ?

4 ಜಿಬಿ: ಹಳೆಯದಕ್ಕೆ ಸರಿ, ಹೊಸದಕ್ಕೆ ಬೇಡ

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅರ್ಹತೆ 4 ಜಿಬಿ. ಅಷ್ಟರಲ್ಲಿ ಅದು ಆನ್ ಆಗುತ್ತದೆ, ಅಷ್ಟೇ. ಏನೂ ತೆರೆಯದೆ ಬಿಟ್ಟರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಂಡೋಸೇ ತಿಂದು ಕೂತಿರುತ್ತದೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಎಂಬ ಜೋಡಿ ಈಗಲೂ ಕಣ್ಣಿಗೆ ಬೀಳುತ್ತದೆ. ಮಕ್ಕಳಿಗೆ ತಾನೇ, ಸಾಕು ಅಂತ ಕೊಳ್ಳಬೇಡಿ. ಆ ದುಡ್ಡಿಗೆ ಒಳ್ಳೆಯ ಟ್ಯಾಬ್ಲೆಟ್ಟೇ ಮೇಲು.

ಮನೆಯಲ್ಲಿ ಮೊದಲಿನಿಂದ ಇರುವ 4 ಜಿಬಿ ಕಂಪ್ಯೂಟರಿನ ಕಥೆ ಬೇರೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಪ್ರೊಸೆಸರುಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನವು ಮಾತ್ರ. ಅಂಥ ಯಂತ್ರಕ್ಕೆ ರ‍್ಯಾಮ್ ತುಂಬಿಸಿ ಹಣ ಕಳೆಯುವ ಬದಲು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ. ಅದರ ಕನಿಷ್ಠ ಬೇಡಿಕೆ 2 ಜಿಬಿ, ಆರಾಮಾಗಿ ಓಡಲು 4 ಇರಲಿ ಅನ್ನುತ್ತಾರೆ ಅದನ್ನು ಮಾಡುವವರು. ಎಕ್ಸ್‌ಎಫ್‌ಸಿಇ ಆವೃತ್ತಿ ಇನ್ನೂ ಹಗುರ. ಕನ್ನಡ ಟೈಪಿಂಗಿಗೆ ಐಬಸ್ ಇದೆ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸವೂ ಅಲ್ಲಿ ಸಿಗುತ್ತದೆ. ಪತ್ರ ಟೈಪ್ ಮಾಡುವುದು, ಪೇಪರ್ ಓದುವುದು, ಒಂದೆರಡು ಟ್ಯಾಬಿನಲ್ಲಿ ಬ್ಯಾಂಕ್ ಕೆಲಸ, ಇಷ್ಟಕ್ಕೆ ಇನ್ನೂ ಕೆಲವು ವರ್ಷ ಬಾಳಿಕೆ ಬರುತ್ತದೆ.

ಆ ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲ ಖರ್ಚು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಎನ್ನಬಹುದಾದ ಎಸ್‌ಎಸ್‌ಡಿಗೆ, ರ‍್ಯಾಮಿಗಲ್ಲ. ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಜಾಗಕ್ಕೆ ಸೂಜಿ ಹೋಗಿ ಮುಟ್ಟುವುದಕ್ಕೇ ಹತ್ತು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಎಸ್‌ಎಸ್‌ಡಿಗೆ ಒಂದು ಮಿಲಿಸೆಕೆಂಡೂ ಬೇಡ. ಆನ್ ಆಗಲು ಐದು ನಿಮಿಷ ತೆಗೆದುಕೊಳ್ಳುತ್ತದೆ ಎಂಬ ದೂರಿಗೆ ಕಾರಣ ಹೆಚ್ಚಿನ ಸಲ ಈ ಡಿಸ್ಕ್. ಹಾಗಂತ ಎಸ್‌ಎಸ್‌ಡಿ ಇದ್ದುಬಿಟ್ಟರೆ ರ‍್ಯಾಮ್ ಎಷ್ಟಿದ್ದರೂ ಆದೀತು ಅಂತಲ್ಲ. ಕೊರತೆಯನ್ನು ಅದು ಮರೆಮಾಚುತ್ತದೆ, ತುಂಬಿಕೊಡುವುದಿಲ್ಲ.

8 ಜಿಬಿ: ಯಾರಿಗೆ ನಿಜವಾಗಿ ಸಾಕು

ನಿವೃತ್ತ ಮೇಷ್ಟರೊಬ್ಬರನ್ನು ನೆನೆಸಿಕೊಳ್ಳಿ. ನುಡಿಯಲ್ಲೋ ಬರಹದಲ್ಲೋ ಲೇಖನ ಟೈಪ್ ಮಾಡುತ್ತಾರೆ, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುತ್ತಾರೆ, ಭಾನುವಾರ ವಿದೇಶದಲ್ಲಿರುವ ಮಗನ ಜೊತೆ ವಿಡಿಯೋ ಕಾಲ್. ಅಥವಾ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದು, ಜಿಎಸ್‌ಟಿ ಪೋರ್ಟಲ್ ತೆರೆದು ಮುಚ್ಚುವವರು. ಇವರಿಗೆ 8 ಸಾಕು. ನುಡಿ, ಬರಹದಂಥ ತಂತ್ರಾಂಶಗಳು ರ‍್ಯಾಮಿಗೆ ಲೆಕ್ಕಕ್ಕೇ ಬರುವುದಿಲ್ಲ.

8 ಸಾಲದಂತೆ ಮಾಡುವುದು ಬ್ರೌಸರ್. ಕ್ರೋಮ್ ಸುರಕ್ಷತೆಗಾಗಿ ಒಂದೊಂದು ಸೈಟನ್ನೂ ಬೇರೆ ಬೇರೆ ಪ್ರೊಸೆಸ್ಸಿನಲ್ಲಿ ಇಡುತ್ತದೆ. 2018ರಿಂದ ಈ ಬೇಲಿ ಇನ್ನೂ ಬಿಗಿಯಾಗಿದೆ, ಅದಕ್ಕೆ ತಕ್ಕಂತೆ ರ‍್ಯಾಮ್ ಖರ್ಚೂ ಏರಿದೆ. ಜೊತೆಗೆ ಟೀಮ್ಸ್, ಡಿಸ್ಕಾರ್ಡ್, ವಿಎಸ್ ಕೋಡ್ ಇವೆಲ್ಲ ನೋಡಲು ಬೇರೆ ಬೇರೆ ತಂತ್ರಾಂಶ, ಒಳಗೆ ಓಡುತ್ತಿರುವುದು ಬ್ರೌಸರೇ. ನಾಲ್ಕು ತೆರೆದರೆ ನಾಲ್ಕು ಬ್ರೌಸರ್ ತೆರೆದ ಹಾಗೆ. ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಸೇವರ್ ಅಂತ ಇದೆ, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್. ಬಳಸದೆ ಬಿಟ್ಟ ಟ್ಯಾಬುಗಳನ್ನು ಅವು ಮಲಗಿಸುತ್ತವೆ. 8 ಜಿಬಿಯವರು ಹೊಸ ಸ್ಟಿಕ್ ಕೊಳ್ಳುವ ಮೊದಲು ಇದನ್ನು ಆನ್ ಮಾಡಿ ಒಂದು ವಾರ ನೋಡಬೇಕು. ಕೆಲವರಿಗೆ ಅಷ್ಟಕ್ಕೇ ಪರಿಹಾರ ಸಿಕ್ಕಿಬಿಡುತ್ತದೆ.

16 ಜಿಬಿ: ಮನೆಮಂದಿಯೆಲ್ಲ ಬಳಸುವ ಯಂತ್ರಕ್ಕೆ

ಒಂದೇ ಕಂಪ್ಯೂಟರನ್ನು ಅಪ್ಪ ಆಫೀಸ್ ಕೆಲಸಕ್ಕೆ, ಮಗ ಕಾಲೇಜಿಗೆ, ಮಗಳು ಡ್ರಾಯಿಂಗಿಗೆ ಬಳಸುತ್ತಾರೆ, ರಾತ್ರಿ ಒಂದಿಷ್ಟು ಗೇಮೂ ನಡೆಯುತ್ತದೆ ಎಂದರೆ 16ರ ಕೆಳಗೆ ನೋಡಬೇಡಿ. ಇದು ನನ್ನೊಬ್ಬನ ಮಾತಲ್ಲ, ತಂತ್ರಾಂಶ ಮಾಡುವವರು ಕೊಡುವ ಅಂಕಿಗಳನ್ನೇ ನೋಡಿ. ಫೋಟೋಶಾಪಿಗೆ ಕನಿಷ್ಠ 8, ಶಿಫಾರಸು 16. ಎಂಜಿನಿಯರಿಂಗ್ ಹುಡುಗರು ಆ್ಯಪ್ ಮಾಡಲು ಬಳಸುವ ಆಂಡ್ರಾಯ್ಡ್ ಸ್ಟುಡಿಯೋ ಒಂದಕ್ಕೇ ಆದರೆ 8, ಪರದೆಯ ಮೇಲೆ ಫೋನನ್ನು ಅನುಕರಿಸುವ ಎಮ್ಯುಲೇಟರನ್ನೂ ಓಡಿಸಬೇಕೆಂದರೆ 16. ಗೇಮುಗಳಲ್ಲಿ ಜಿಟಿಎ 5ರಂಥ ಹಳೆಯದಕ್ಕೆ 8 ಸಾಕು, ಸೈಬರ್‌ಪಂಕ್ 2077 ಕನಿಷ್ಠ 12 ಕೇಳುತ್ತದೆ, 16 ಇರಲಿ ಅನ್ನುತ್ತದೆ. ಮೈಕ್ರೋಸಾಫ್ಟ್ 2024ರಲ್ಲಿ ಎಐ ಕಂಪ್ಯೂಟರುಗಳಿಗೆ ಕೊಡುವ ‘ಕೋಪೈಲಟ್ ಪ್ಲಸ್’ ಎಂಬ ಹಣೆಪಟ್ಟಿಗೆ 16 ಜಿಬಿಯನ್ನು ಕಡ್ಡಾಯ ಮಾಡಿತು. 8ರಲ್ಲೇ ಸಂಸಾರ ನಡೆಯುತ್ತದೆ ಎಂದು ವರ್ಷಗಟ್ಟಲೆ ವಾದಿಸಿದ ಆ್ಯಪಲ್ ಕೂಡ ಅದೇ ವರ್ಷದ ಅಕ್ಟೋಬರಿನಲ್ಲಿ ಮ್ಯಾಕ್‌ಬುಕ್ ಏರ್‌ನ ಆರಂಭದ ಮಾಡೆಲ್ಲಿಗೇ 16 ಕೊಟ್ಟಿತು. ಅದಕ್ಕಿಂತ ಹಿಂದಿನ 8 ಜಿಬಿ ಏರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಬಂದರೆ ಹಗುರ ಕೆಲಸದವರು ಕೊಳ್ಳಬಹುದು, ಆದರೆ ಅದಕ್ಕೆ ರ‍್ಯಾಮ್ ಸೇರಿಸುವ ದಾರಿಯೇ ಇಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಚೌಕಾಸಿ ಮಾಡಿ.

32 ಬೇಕಾದವರಿಗೆ ಅದು ಬೇಕೆಂದು ಗೊತ್ತೇ ಇರುತ್ತದೆ. ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವರನ್ನೇ ತೆಗೆದುಕೊಳ್ಳಿ. ಪ್ರೀಮಿಯರ್ ಪ್ರೊಗೆ ಎಚ್‌ಡಿ ವಿಡಿಯೋ ಆದರೆ 16, 4ಕೆ ಆದರೆ 32 ಎನ್ನುವುದು ಅಡೋಬಿಯ ಶಿಫಾರಸು. ಒಂದು ಕಂಪ್ಯೂಟರಿನೊಳಗೆ ಎರಡು ಮೂರು ವರ್ಚುವಲ್ ಮಷೀನ್ (ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್) ಓಡಿಸುವವರು ಇನ್ನೊಂದು ಗುಂಪು. ಎಐ ಮಾಡೆಲನ್ನು ಮನೆಯ ಯಂತ್ರದಲ್ಲೇ ಓಡಿಸುವ ಹುಚ್ಚಿನವರು ಈಚೆಗೆ ಸೇರಿದವರು: 8 ಬಿಲಿಯನ್ ಪ್ಯಾರಾಮೀಟರಿನ ಮಾಡೆಲನ್ನು 4 ಬಿಟ್ಟಿಗೆ ಇಳಿಸಿ ಕುಗ್ಗಿಸಿದರೂ ಅದೊಂದೇ 5 ಜಿಬಿಯ ಹತ್ತಿರ ಜಾಗ ಹಿಡಿಯುತ್ತದೆ. ಇವರಲ್ಲಿ ನೀವಿಲ್ಲದಿದ್ದರೆ 32ಕ್ಕೆ ಹಾಕುವ ಹಣವನ್ನು ಒಳ್ಳೆಯ ಸ್ಕ್ರೀನಿಗೋ ದೊಡ್ಡ ಎಸ್‌ಎಸ್‌ಡಿಗೋ ಹಾಕಿ, ದಿನಾ ಕಣ್ಣಿಗೆ ಕಾಣುತ್ತದೆ.

ಸೋಲ್ಡರ್ರೋ, ಸ್ಲಾಟೋ

ಒಂದೇ ಬೆಲೆಯ ಎರಡು ಲ್ಯಾಪ್‌ಟಾಪ್ ಮುಂದಿವೆ ಅಂದುಕೊಳ್ಳಿ. ಒಂದರಲ್ಲಿ 8 ಜಿಬಿ, ತೆಳುವಾಗಿ ಚೆಂದವಾಗಿದೆ, ರ‍್ಯಾಮ್ ಸೋಲ್ಡರ್ ಆಗಿದೆ. ಇನ್ನೊಂದು ಸ್ವಲ್ಪ ದಪ್ಪ, ಅದರಲ್ಲೂ 8 ಜಿಬಿಯೇ, ಆದರೆ ಎರಡು ಸ್ಲಾಟಿನಲ್ಲಿ ಒಂದು ಖಾಲಿ. ನಾನಾದರೆ ಎರಡನೆಯದನ್ನೇ ಎತ್ತಿಕೊಳ್ಳುತ್ತೇನೆ. ಎರಡು ವರ್ಷದ ಮೇಲೆ ಇಕ್ಕಟ್ಟಾದರೆ ಇನ್ನೊಂದು 8 ಹಾಕಿದರೆ ಆಯಿತು, ಮೊದಲನೆಯದನ್ನು ಮಾರಿಯೇ ತೀರಬೇಕು.

ಗುರುತಿಸುವುದು ಹೇಗೆ? ಸ್ಪೆಸಿಫಿಕೇಶನ್ನಿನಲ್ಲಿ ರ‍್ಯಾಮಿನ ಬಗೆ ಎಲ್‌ಪಿಡಿಡಿಆರ್4ಎಕ್ಸ್, ಎಲ್‌ಪಿಡಿಡಿಆರ್5 ಎಂದು ಮುಂದೆ ‘ಎಲ್‌ಪಿ’ ಇದ್ದರೆ ಬಹುತೇಕ ಖಚಿತವಾಗಿ ಸೋಲ್ಡರ್. ಬರೀ ಡಿಡಿಆರ್4, ಡಿಡಿಆರ್5 ಎಂದಿದ್ದರೆ ಸ್ಲಾಟ್ ಇರಬಹುದು, ಇಲ್ಲದೆಯೂ ಇರಬಹುದು. ಅಂಗಡಿಯ ಡೆಮೊ ಪೀಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಮೆಮೊರಿ ಪುಟದ ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಎದುರು ‘ಎಸ್ಒ-ಡಿಐಎಂಎಂ’ ಎಂದಿದ್ದರೆ ಬಿಚ್ಚಿ ತೆಗೆಯಬಹುದಾದ ಸ್ಟಿಕ್, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೇ ಅಂಟಿದ್ದು. ‘ಸ್ಲಾಟ್ಸ್ ಯೂಸ್ಡ್’ ಎದುರಿನ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ, ಸೋಲ್ಡರ್ ಆದ ಚಿಪ್ಪುಗಳನ್ನೂ ಅದು ಕೆಲವೊಮ್ಮೆ ಸ್ಲಾಟ್ ಎಂದು ಎಣಿಸುತ್ತದೆ. ಒಂದೇ ಹೆಸರಿನ ಲ್ಯಾಪ್‌ಟಾಪ್ ಬೇರೆ ಬೇರೆ ಮಾಡೆಲ್ ನಂಬರಿನಲ್ಲಿ ಬೇರೆ ಬೇರೆ ಥರ ಇರುವುದರಿಂದ, ಬಾಕ್ಸಿನ ಮೇಲಿನ ಪೂರ್ತಿ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ, ಗರಿಷ್ಠ ಎಷ್ಟು ಜಿಬಿ ಹಿಡಿಯುತ್ತದೆ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ನಡುವಿನ ಬಗೆಯೂ ಒಂದಿದೆ: 8 ಜಿಬಿ ಸೋಲ್ಡರ್, ಜೊತೆಗೆ ಒಂದು ಖಾಲಿ ಸ್ಲಾಟ್. ಇದೂ ಒಳ್ಳೆಯ ಆಯ್ಕೆಯೇ. ಇನ್ನೊಂದು 8 ಹಾಕಿದರೆ ಎರಡೂ ಕೂಡಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತವೆ, ಅಂದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಏಕಕಾಲಕ್ಕೆ ಓದಿ ಬರೆಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಇದರಿಂದ ಗೇಮಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ವರ್ಡ್, ಎಕ್ಸೆಲ್, ಬ್ರೌಸರ್ ಅಷ್ಟೇ ಆದರೆ ಗೊತ್ತಾಗುವುದಿಲ್ಲ. ಹಾಗಾಗಿ ಎರಡೇ ಸ್ಲಾಟಿನ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸುವಾಗ 16ರ ಒಂದು ಸ್ಟಿಕ್ಕೋ, 8ರ ಎರಡೋ ಎಂಬ ಪ್ರಶ್ನೆ ಬಂದರೆ, ಕಾರ್ಡ್ ಇಲ್ಲದೆ ಗೇಮ್ ಆಡುವವರು 8ರ ಜೋಡಿ ಹಾಕಿಸಲಿ. ಉಳಿದವರು 16ರ ಒಂದನ್ನು ಹಾಕಿಸಿ ಇನ್ನೊಂದು ಸ್ಲಾಟನ್ನು ಉಳಿಸಿಕೊಳ್ಳಲಿ.

ಇರುವುದಕ್ಕೆ ಸೇರಿಸುವವರು

ಡಿಡಿಆರ್3, 4, 5 ರ‍್ಯಾಮಿನ ಬೇರೆ ಬೇರೆ ತಲೆಮಾರುಗಳು, ಒಂದರ ಜಾಗಕ್ಕೆ ಒಂದು ಕೂರುವುದಿಲ್ಲ, ಸ್ಟಿಕ್ಕಿನ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಡಿಡಿಆರ್3ರ ಕಾಲದ ಲ್ಯಾಪ್‌ಟಾಪಿನವರು ಇನ್ನೊಂದನ್ನು ನೋಡಬೇಕು: 1.5 ವೋಲ್ಟಿನ ಡಿಡಿಆರ್3, 1.35 ವೋಲ್ಟಿನ ಡಿಡಿಆರ್3ಎಲ್ ಎರಡಕ್ಕೂ ಕಚ್ಚು ಒಂದೇ. ಡಿಡಿಆರ್3ಎಲ್ ಮಾತ್ರ ಒಪ್ಪುವ ಯಂತ್ರಕ್ಕೆ ಮೊದಲನೆಯದು ಹಾಕಿದರೆ ಆನ್ ಆಗದೇ ಹೋಗಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವುದಾದರೂ, ಊರಿನ ಸರ್ವೀಸ್ ಅಂಗಡಿಯಲ್ಲಾದರೂ ಹಳೆಯ ಸ್ಟಿಕ್ಕನ್ನು, ಕಡೇಪಕ್ಷ ಅದರ ಲೇಬಲ್ಲಿನ ಫೋಟೋವನ್ನು ಜೊತೆಗೆ ಒಯ್ಯಿರಿ. ಬೇರೆ ಬೇರೆ ವೇಗದ ಎರಡು ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಮನೆ ಬಳಕೆಯಲ್ಲಿ ಅದೇನು ದೊಡ್ಡ ನಷ್ಟವಲ್ಲ, ಅದಕ್ಕಾಗಿ ಹೆಚ್ಚು ಬೆಲೆಯ ಸ್ಟಿಕ್ಕಿಗೆ ಹೋಗಬೇಕಿಲ್ಲ. ಬಿಲ್ ಮಾತ್ರ ಬಿಡಬೇಡಿ, ರ‍್ಯಾಮಿಗೆ ಹೆಚ್ಚಿನ ಕಂಪನಿಗಳು ಹಲವು ವರ್ಷದ ವಾರಂಟಿ ಕೊಡುತ್ತವೆ.

ಡಿಡಿಆರ್5 ಹಾಕಿಸಿ ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಹೊಸ ಸ್ಟಿಕ್ಕಿಗೆ ತಕ್ಕ ಹೊಂದಾಣಿಕೆಯನ್ನು ಯಂತ್ರ ಆಗ ಹುಡುಕಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಆನ್ ಆದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್’ ಹುಡುಕಿ ಒಮ್ಮೆ ಓಡಿಸಿ. ದೋಷವಿದ್ದರೆ ಆ ವಾರವೇ ಬದಲಿಸಿಕೊಳ್ಳುವುದು ಸುಲಭ. ಹಳೆಯ ಸ್ಟಿಕ್ ತೆಗೆಸಿದ್ದರೆ ಅದನ್ನು ಅಂಗಡಿಯಲ್ಲಿ ಬಿಟ್ಟು ಬರದೆ ಮನೆಗೆ ತನ್ನಿ. ಮುಂದೆ ಯಾವತ್ತಾದರೂ ಕಂಪ್ಯೂಟರ್ ಆನ್ ಆಗದೆ ಬೀಪ್ ಅನ್ನತೊಡಗಿದರೆ, ಕೆಟ್ಟಿರುವುದು ರ‍್ಯಾಮೋ ಬೋರ್ಡೋ ಎಂದು ನೋಡಲು ಅದು ಬೇಕಾಗುತ್ತದೆ.